ಕುದುರೆ, ಇಪ್ಪತ್ತನಾಲ್ಕು

ಎಲ್ಲ ಅನರ್ಥಕ್ಕೂ ಮೂಲ ಒಂದು ಇಕ್ಕಟ್ಟಾದ ಕಾಲಂ.

ನಮ್ಮ ಗುಮಾಸ್ತರು ಉಗ್ರಾಣ ನೋಡಿಕೊಳ್ಳುತ್ತಿದ್ದದ್ದು ಒಂದು ಪುಟ್ಟ ದೇಶದ ಸೈನ್ಯದಲ್ಲಿ. ಸೈನ್ಯ ದೇಶಕ್ಕಿಂತ ಪುಟ್ಟದು; ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರೂ ಒಂದು ಹಜಾರ ಪೂರ್ತಿ ತುಂಬುತ್ತಿರಲಿಲ್ಲ. ಇಂಥ ದೇಶಗಳ ತೋಳಿಗೆ ಬಲ ತುಂಬಲೆಂದೇ ನಡುಗಾತ್ರದ ದೇಶಗಳಿರುತ್ತವೆ. ಮನೆಯಲ್ಲಿ ದೊಡ್ಡವನ ಅಂಗಿ ನಡುವಿನವನಿಗೆ, ನಡುವಿನವನದು ಕಿರಿಯವನಿಗೆ ಇಳಿಯುವುದಿಲ್ಲವೇ, ಹಾಗೆ. ದೊಡ್ಡ ದೇಶದ ಹಳೆಯ ಕೋವಿ ನಡುಗಾತ್ರದ ದೇಶಕ್ಕೆ ಬಂದು, ಅಲ್ಲಿ ಹತ್ತು ವರ್ಷ ಸವೆದು, 'ಸ್ನೇಹದ ಕೊಡುಗೆ' ಎಂಬ ಚೀಟಿ ಅಂಟಿಸಿಕೊಂಡು ಇಲ್ಲಿಗೆ ಇಳಿಯುತ್ತಿತ್ತು. ಹಾಗೆ ಬಂದ ಕೋವಿಗಳಲ್ಲಿ ಇಪ್ಪತ್ತನಾಲ್ಕರ ಕುದುರೆ ಕೈಕೊಟ್ಟಿತು. ಕೋವಿಯ ಕುದುರೆ ಗೊತ್ತಲ್ಲ, ಬೆರಳಿಟ್ಟು ಎಳೆಯುವ ಆ ಕೊಕ್ಕೆ. ಅದಿಲ್ಲದಿದ್ದರೆ ಕೋವಿ ಬರೀ ದೊಣ್ಣೆ, ಅದೂ ಹಿಡಿಯಲು ಅನುಕೂಲವಿಲ್ಲದ ದೊಣ್ಣೆ.

ಗುಮಾಸ್ತರು ನಡುಗಾತ್ರದ ದೇಶದ ನೆರವಿನ ನಮೂನೆ ತುಂಬಿದರು. 'ಬೇಕಾದ ವಸ್ತು' ಎಂಬ ಕಾಲಂ ಎರಡು ಬೆರಳಗಲ. ಅದರಲ್ಲಿ 'ಕೋವಿಯ' ಹಿಡಿಸಲಿಲ್ಲ. 'ಕುದುರೆ, ೨೪' ಎಂದಷ್ಟೇ ಬರೆದರು. ಕಾರಣ: 'ಈಗಿರುವವು ಸವೆದಿವೆ. ಎಳೆದರೆ ಅಲುಗುವುದಿಲ್ಲ, ಅಲುಗಿದರೆ ನಿಲ್ಲುವುದಿಲ್ಲ.' ಬಣ್ಣ: 'ಕಪ್ಪು.' ನಿರ್ವಹಣೆ: 'ತಿಂಗಳಿಗೊಮ್ಮೆ ಎಣ್ಣೆ ಹಾಕಿ ಒರೆಸುತ್ತೇವೆ.' ದಳಪತಿಗಳು ಓದದೆ ರುಜು ಹಾಕಿದರು. ಅವರು ಓದಿ ರುಜು ಹಾಕಿದ ಕಾಗದ ಉಗ್ರಾಣದಲ್ಲಿ ಒಂದೂ ಇಲ್ಲ.

ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಗುಮಾಸ್ತರು ಕಿರಿಯ ಮಗಳಿಗೆ ತಲೆ ಬಾಚುತ್ತಿದ್ದರು. ಅಪ್ಪ ಜಡೆ ಹಾಕದಿದ್ದರೆ ಅವಳು ಶಾಲೆಯ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ. ಒಂದು ಜಡೆ ಮುಗಿದು ಇನ್ನೊಂದು ಅರ್ಧಕ್ಕೆ ಬಂದಿತ್ತು. ಫೋನು ಬಡಿದುಕೊಂಡಿತು. ಕಚೇರಿಯ ಟೈಪಿಸ್ಟಕ್ಕ.

"ಗುಮಾಸ್ತರೇ, ನೀವು ಕೇಳಿದ್ದು ಬಂದಿದೆ."

"ಒಳ್ಳೇದಾಯ್ತಕ್ಕ. ಉಗ್ರಾಣದಲ್ಲಿ ಇಡಿಸಿ."

"ಒಂದನ್ನ ಇಟ್ಟು ನೋಡಿದ್ವಿ. ಹಾಜರಿ ಪುಸ್ತಕ ತಿಂದುಹಾಕ್ತು."

"ಏನು ತಿಂತು?"

"ಕುದುರೆ ಕಣ್ರೀ! ಇಪ್ಪತ್ತನಾಲ್ಕು, ಎಲ್ಲಾ ಕಪ್ಪು. ಜೊತೆಗೆ ಆ ದೇಶದ ಒಬ್ಬ ಮೇಜರು ಬಂದಿದ್ದಾರೆ. ನಾಲ್ಕು ಗಂಟೆಗೆ ಹಸ್ತಾಂತರ ಸಮಾರಂಭವಂತೆ. ಇದನ್ನ ಕೇಳಿದವನು ಯಾರು, ಅವನನ್ನ ಆಚೆ ದ್ವೀಪಕ್ಕೆ ಹಾಕ್ತೀನಿ ಅಂತ ದಳಪತಿಗಳು ಕುಣೀತಿದ್ದಾರೆ."

ಗುಮಾಸ್ತರ ಕೈಯಿಂದ ಬಾಚಣಿಗೆ ಜಾರಿತು. ಆಚೆ ದ್ವೀಪಕ್ಕೆ ದೋಣಿ ಹೋಗುವುದು ತಿಂಗಳಿಗೊಮ್ಮೆ. ಅಲ್ಲಿರುವುದು ಒಂದು ಕಾವಲುಗುಡಿಸಲು, ಮೊಣಕಾಲೆತ್ತರದ ಹುಲ್ಲು, ಒಬ್ಬ ಕಾವಲುಗಾರ. ಅವನು ಪ್ರತಿ ತಿಂಗಳೂ ಕಳಿಸುವ ವರದಿಯಲ್ಲಿ ಎರಡೇ ಪದ: 'ಹುಲ್ಲು ಬೆಳೆದಿದೆ.'

"ಅಪ್ಪಾ, ಇನ್ನೊಂದು ಜಡೆ?" ಎಂದಳು ಮಗಳು.

"ಬಂದು ಹಾಕ್ತೀನಿ ಪುಟ್ಟಿ," ಎಂದು ಗುಮಾಸ್ತರು ಚಪ್ಪಲಿಯನ್ನು ಅದಲುಬದಲು ಮೆಟ್ಟಿಕೊಂಡು ಓಡಿದರು.

ಕವಾಯತು ಮೈದಾನದಲ್ಲಿ ದಳಪತಿಗಳು ಬೇಯಿಸಿದ ಬೀಟ್‌ರೂಟಿನಂತೆ ಕೆಂಪಾಗಿದ್ದರು. ಪಕ್ಕದಲ್ಲಿ ಹುರಿಮೀಸೆಯ ಮೇಜರು. ಅತಿಥಿಯ ಮುಂದೆ ಬೈಯಲಾಗದೆ ದಳಪತಿಗಳು ಹಲ್ಲು ಕಚ್ಚಿಕೊಂಡೇ ನಕ್ಕರು. "ಗುಮಾಸ್ತರೇ, ಈ ಕುದುರೆಗಳು ಯಾಕೆ ಬೇಕಾಯ್ತು ಅಂತ ಮೇಜರಿಗೆ ಸ್ವಲ್ಪ ವಿವರಿಸಿ."

ತಪ್ಪಾಗಿದೆ ಎನ್ನಲು ಗುಮಾಸ್ತರು ಬಾಯಿ ತೆರೆದರು. ದಳಪತಿಗಳ ಬೆನ್ನ ಹಿಂದೆ, ಸಮುದ್ರದ ನಡುವೆ, ಆಚೆ ದ್ವೀಪ ಹಸಿರಾಗಿ ಕಾಣಿಸಿತು. ಬಾಯಿಂದ ಬೇರೆಯೇ ಮಾತು ಬಂತು.

"ಅಶ್ವದಳಕ್ಕೆ ಸಾರ್. ಜೀಪಿಗೆ ಯಾವಾಗಲೂ ಡೀಸೆಲ್ ಇರಲ್ಲ, ಡೀಸೆಲ್ ಇಲ್ಲದೆ ಗಸ್ತು ತಿರುಗೋ ದಾರಿ ಹುಡುಕಿ ಅಂತ ತಾವೇ ಅಪ್ಪಣೆ ಮಾಡಿದ್ರಲ್ಲ ಸಾರ್."

ದಳಪತಿಗಳಿಗೆ ಅಂಥ ಅಪ್ಪಣೆಯ ನೆನಪಿರಲಿಲ್ಲ. ಆದರೆ ಕಾಗದದಲ್ಲಿ ತಮ್ಮ ರುಜು ಇದ್ದದ್ದು ನೆನಪಿತ್ತು. "ಹೌದು ಹೌದು! ನನ್ನದೇ ಯೋಚನೆ," ಎಂದು ಎದೆಯುಬ್ಬಿಸಿದರು.

ಮೇಜರು ನಮೂನೆ ಬಿಡಿಸಿದರು. "ಸಂತೋಷ. ಒಂದೆರಡು ಅನುಮಾನ ಇದೆ. 'ಅಲುಗಿದರೆ ನಿಲ್ಲುವುದಿಲ್ಲ' ಅಂತ ಬರೆದಿದ್ದೀರಿ."

"ನಮ್ಮ ಹಳೇ ಕುದುರೆಗಳು ಸಾರ್. ಹುರುಪು ಜಾಸ್ತಿ."

"ಅವು ಈಗ ಎಲ್ಲಿವೆ?"

"ತೀರಿಕೊಂಡವು ಸಾರ್."

ಅಡುಗೆಯವನು ಅಲ್ಲೇ ನಿಂತು, ಮಧ್ಯಾಹ್ನದ ಊಟಕ್ಕಿಟ್ಟ ಕ್ಯಾರೆಟ್ಟನ್ನೆಲ್ಲ ಕುದುರೆಗಳಿಗೆ ತಿನ್ನಿಸುತ್ತಿದ್ದ. ಬೆಚ್ಚಿಬಿದ್ದ. "ಅಯ್ಯೋ ಪಾಪ, ಯಾವಾಗ? ನನಗೆ ಯಾರೂ ಹೇಳಲೇ ಇಲ್ಲ!"

ಟೈಪಿಸ್ಟಕ್ಕ ಅವನ ಕಾಲು ತುಳಿದರು.

"ಇನ್ನೊಂದು. ತಿಂಗಳಿಗೊಮ್ಮೆ ಎಣ್ಣೆ ಹಾಕ್ತೀರಂತೆ. ಎಲ್ಲಿಗೆ?"

ಗುಮಾಸ್ತರು ಕುದುರೆಯನ್ನು ಮೂತಿಯಿಂದ ಬಾಲದವರೆಗೆ ನೋಡಿದರು. ಎಣ್ಣೆ ಹಾಕುವಂಥ ಜಾಗ ಒಂದೂ ಕಾಣಲಿಲ್ಲ. "ಬಾಲಕ್ಕೆ ಸಾರ್. ಕೂದಲು ಉದುರಲ್ಲ."

ಮೇಜರು ಮೀಸೆಯ ಮೇಲೆ ಕೈಯಾಡಿಸಿದರು. "ಕೂದಲ ವಿಷಯ ಬಂತು, ಒಳ್ಳೇದಾಯ್ತು. ಸಮಾರಂಭಕ್ಕೆ ಕುದುರೆಗಳ ಕುತ್ತಿಗೆ ಕೂದಲಿಗೆ ಜಡೆ ಹಾಕೋದು ನಮ್ಮ ಸೈನ್ಯದ ಶಿಸ್ತು. ಹಾಕೋರು ನಿಮ್ಮಲ್ಲಿ ಇದ್ದಾರಾ?"

"ಇದ್ದಾರಲ್ಲ!" ಟೈಪಿಸ್ಟಕ್ಕ ಕೈಯೆತ್ತಿಯೇಬಿಟ್ಟರು. "ನಮ್ಮ ಗುಮಾಸ್ತರು ದಿನಾ ಜಡೆ ಹಾಕ್ತಾರೆ ಸಾರ್. ಎಷ್ಟು ನೀಟು ಅಂತೀರಿ!"

ಗುಮಾಸ್ತರು ಅವರತ್ತ ನೋಡಿದ ನೋಟಕ್ಕೆ ಹಸಿ ಸೌದೆಯೂ ಹೊತ್ತಿಕೊಳ್ಳಬೇಕಿತ್ತು. ಅಕ್ಕನಿಗೆ ಮಾತ್ರ ಏನೂ ತಾಗಲಿಲ್ಲ. ಉಪಕಾರ ಮಾಡಿದ ಖುಷಿಯಲ್ಲಿ, ಕಡತಗಳಿಗೆ ಕಟ್ಟುವ ಕೆಂಪು ದಾರವನ್ನೆಲ್ಲ ಬಿಚ್ಚಿ ರಿಬ್ಬನ್ನಿಗೆಂದು ತಂದುಕೊಟ್ಟರು. ಆ ದಿನ ದೇಶದ ರಕ್ಷಣಾ ರಹಸ್ಯಗಳೆಲ್ಲ ಗಾಳಿಗೆ ಹಾರಾಡಿದವು.

ಹತ್ತು ಗಂಟೆಗೆ ಜಡೆ ಹಾಕುವುದು ಶುರುವಾಯಿತು. ಮೊದಲ ಕುದುರೆ ಗುಮಾಸ್ತರ ಅಂಗಿಯ ಕಾಲರನ್ನು ಮೆದ್ದಿತು. ಐದನೆಯದು ಅವರ ಕಾಲ ಮೇಲೆ ಕಾಲಿಟ್ಟು, ಯಾವುದೋ ಹಳೆಯ ಯೋಚನೆಯಲ್ಲಿ ಮುಳುಗಿತು. ಒಂಬತ್ತನೆಯದರ ಹೊತ್ತಿಗೆ ಅವರಿಗೊಂದು ಉಪಾಯ ಹೊಳೆಯಿತು: ಮಗಳಿಗೆ ಹೇಳುವ ಸುಳ್ಳುಗಳನ್ನೇ ಕುದುರೆಗೂ ಹೇಳುವುದು. "ಆಯ್ತು ಆಯ್ತು, ಇನ್ನೊಂದೇ ಎಳೆ. ನೋಡು, ಪಕ್ಕದವಳು ಎಷ್ಟು ಜಾಣೆ!" ಕುದುರೆಗಳು ಮಗಳಿಗಿಂತ ಚೆನ್ನಾಗಿ ಕೇಳಿದವು. ಮೂರೂ ಮುಕ್ಕಾಲಿಗೆ ಇಪ್ಪತ್ತನಾಲ್ಕನೆಯದನ್ನು ಮುಗಿಸಿ ಕೈಕೊಡವಿ ತಿರುಗಿದರೆ, ಸಾಲಿನ ಕೊನೆಯಲ್ಲಿ ಇಪ್ಪತ್ತೈದನೆಯದಾಗಿ ಕಿರಿಯ ಮಗಳು ನಿಂತಿದ್ದಳು. ಒಂದೂವರೆ ಜಡೆ. ಹಿಂದೆ ಹೆಂಡತಿ.

"ಬೆಳಿಗ್ಗೆಯಿಂದ ಹೀಗೇ ಕೂತಿದ್ದಾಳೆ. ಶಾಲೆಗೂ ಹೋಗಲಿಲ್ಲ," ಎಂದ ಹೆಂಡತಿ ಕುದುರೆಗಳನ್ನು ನೋಡಿ ನಿಂತುಬಿಟ್ಟರು. "ನನ್ನ ತಲೆಯನ್ನ ಒಂದು ದಿನಾನಾದ್ರೂ ಹೀಗೆ ಬಾಚಿದ್ದೀರಾ?"

ಉತ್ತರ ಕೊಡುವ ಮೊದಲೇ ಕಹಳೆ ಮೊಳಗಿತು.

ಸಮಾರಂಭ ಅದ್ಭುತವಾಗಿ ನಡೆಯಿತು. ದಳಪತಿಗಳು ತಮ್ಮ ದೂರದೃಷ್ಟಿಯ ಬಗ್ಗೆ ತಾವೇ ಅರ್ಧ ಗಂಟೆ ಮಾತಾಡಿದರು. ಗುಮಾಸ್ತರು ಮಗಳ ಉಳಿದರ್ಧ ಜಡೆ ಹೆಣೆಯುತ್ತ, ಗಂಡಾಂತರ ಕಳೆಯಿತೆಂದು ಮೊದಲ ಬಾರಿಗೆ ಉಸಿರುಬಿಟ್ಟರು.

"...ಈ ಅಶ್ವದಳಕ್ಕೆ ಮುಖ್ಯಸ್ಥರು ಯಾರು?" ದಳಪತಿಗಳ ದನಿ ಏರಿತು. "ಕುದುರೆಯ ಬಾಲಕ್ಕೆ ಎಣ್ಣೆ ಹಾಕಬೇಕು ಅಂತ ನಮ್ಮಲ್ಲಿ ಇನ್ಯಾರಿಗೆ ಗೊತ್ತಿತ್ತು? ನಮ್ಮ ಗುಮಾಸ್ತರೇ! ಇನ್ನು ಮೇವು. ಇಷ್ಟು ಕುದುರೆಗೆ ಸಾಕಾಗೋ ಹುಲ್ಲು ನಮ್ಮ ದೇಶದಲ್ಲಿರೋದು ಒಂದೇ ಕಡೆ. ಆಚೆ ದ್ವೀಪ. ನಾಳೆ ಬೆಳಿಗ್ಗೆಯೇ ದೋಣಿ!"

ಚಪ್ಪಾಳೆ. ಎಲ್ಲರಿಗಿಂತ ಜೋರು ಟೈಪಿಸ್ಟಕ್ಕನದು.

ಜನ ಚದುರಿದ ಮೇಲೆ, ಮಗಳ ಕೈ ಹಿಡಿದು ಕಲ್ಲಿನಂತೆ ನಿಂತಿದ್ದ ಗುಮಾಸ್ತರ ಹತ್ತಿರ ಮೇಜರು ಬಂದರು. ಜೇಬಿನಿಂದ ಹಿಡಿಯಗಲದ ಡಬ್ಬಿ ತೆಗೆದು ಕೊಟ್ಟರು. ತೆರೆದರೆ ಒಳಗೆ ಎಣ್ಣೆ ಸವರಿದ ಇಪ್ಪತ್ತನಾಲ್ಕು ಕೋವಿಯ ಕುದುರೆಗಳು ಮಿರಮಿರ ಮಿಂಚಿದವು.

"ಎಣ್ಣೆ ಹಾಕಿ ಒರೆಸೋ ಕುದುರೆ ಯಾವುದು ಅಂತ ನಮಗೆ ಗೊತ್ತಾಗಲ್ವೇ?" ಮೇಜರು ಮೀಸೆಯೊಳಗೇ ನಕ್ಕರು. "ಈ ಕಪ್ಪು ಕುದುರೆಗಳನ್ನ ದೊಡ್ಡ ದೇಶದವರು ನಮ್ಮ ತಲೆಗೆ ಕಟ್ಟಿದ್ರು. ಯಾರಿಗೆ ದಾಟಿಸೋದು ಅಂತ ನಾಲ್ಕು ವರ್ಷದಿಂದ ನೋಡ್ತಿದ್ವಿ, ನಿಮ್ಮ ಕಾಗದ ಬಂತು. ಆದ್ರೂ ನಾವು ಅನ್ಯಾಯ ಮಾಡೋರಲ್ಲ. ಯಾರಾದ್ರೂ ಒಬ್ಬರು 'ತಪ್ಪಾಗಿದೆ' ಅಂದ್ರೆ ಸಾಕು, ಈ ಡಬ್ಬಿ ಕೊಟ್ಟು ಕುದುರೆಗಳನ್ನ ವಾಪಸ್ ಕರ್ಕೊಂಡು ಬಾ ಅಂತ ನನಗೆ ಆಜ್ಞೆಯಾಗಿತ್ತು. ಬೆಳಿಗ್ಗೆಯಿಂದ ಎಷ್ಟು ದಾರಿ ತೋರಿಸಿದೆ ನಿಮಗೆ! ನೀವು ಬಾಲ ಹಿಡ್ಕೊಂಡ್ರಿ."

ಮೇಜರು ಗುಮಾಸ್ತರ ಭುಜ ತಟ್ಟಿ, ಒಂದು ಹೊಸ ನಮೂನೆ ಕೈಗಿಟ್ಟರು.

"ಮುಂದಿನ ವರ್ಷದ ಬೇಡಿಕೆಗೆ. ದ್ವೀಪದಲ್ಲಿ ಹೇಗೂ ಪುರಸೊತ್ತಿರುತ್ತೆ, ಯೋಚನೆ ಮಾಡಿ ಬರೀರಿ. ಈ ಸಲ ಕಾಲಂ ಅಗಲ ಮಾಡಿಸಿದ್ದೀವಿ."