ಒಣಭೂಮಿಯ ಡಾಕ್ಟರೇಟಿಗೊಬ್ಬ ಗಂಡ

“ಡಾಕ್ಟರೇಟಿಗೆ ಬೇಕಾದ ಅರ್ಹತೆಗಳಲ್ಲಿ ಮೊದಲನೇದು ಗಂಡ. ಮಿಕ್ಕಿದ್ದೆಲ್ಲ ಬರೀ ಕಾಗದದ ಕೆಲಸ,” ಎಂದು ನಲ್ಲಿ ಸಾಹೇಬರು ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತು, ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಘೋಷಿಸಿದರು. ಕ್ಷೌರಿಕ ಎದುರಾಡಲಿಲ್ಲ. ಕೈಯಲ್ಲಿ ಕತ್ತಿ ಹಿಡಿದವನೇ ಎದುರಾಡಲಿಲ್ಲವೆಂದ ಮೇಲೆ ಮಾತು ಸತ್ಯವೇ ಇರಬೇಕೆಂದು ಸಾಹೇಬರು ತೀರ್ಮಾನಿಸಿದರು.

ಸಾಹೇಬರು ನೀರು ಸರಬರಾಜು ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಸೋರುವ ನಲ್ಲಿಯನ್ನು ಅವರೊಮ್ಮೆ ಕಣ್ಣು ಕೆಕ್ಕರಿಸಿ ನೋಡಿದರೆ ಸಾಕು, ಅದು ನಿಲ್ಲುವುದಿರಲಿ, ಪಕ್ಕದ ಬೀದಿಯ ನಲ್ಲಿಯೂ ಹೆದರಿ ನಿಂತುಬಿಡುತ್ತಿತ್ತಂತೆ. (ಹೇಳಿದವರು ಅವರೇ.) ಅವರು ನಿವೃತ್ತರಾಗಿ ಆರಾಮಕುರ್ಚಿಯಲ್ಲಿ ಪ್ರತಿಷ್ಠಾಪನೆಗೊಂಡ ವಾರದಲ್ಲೇ, ಬಹಳ ಕಾಲ ಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿದ್ದ ಅವರ ಹೆಂಡತಿ, ಮನೆಯ ಹಿಂದಿನ ವಿಶ್ವವಿದ್ಯಾಲಯಕ್ಕೆ ಹೋಗಿ ಒಣಭೂಮಿಯ ಪರಿಸರ ವಿಜ್ಞಾನದಲ್ಲಿ ಪಿಎಚ್‌ಡಿಗೆ ಸೇರಿಕೊಂಡರು.

“ಈ ವಯಸ್ಸಲ್ಲಿ ಯಾಕೇ ಇದೆಲ್ಲ?” ಎಂದು ಸಾಹೇಬರು ಕೇಳಿದ್ದಕ್ಕೆ, “ನೀವು ದಿನವಿಡೀ ಮನೇಲಿ ಇರ್ತೀರಲ್ಲ, ಅದಕ್ಕೇ,” ಎಂದಿದ್ದರು.

ಪಿಎಚ್‌ಡಿ ಎಂದರೆ ಬಾಗಿಲ ಮೇಲೆ ಬಾಗಿಲು. ಪ್ರತಿ ಬಾಗಿಲಲ್ಲೂ ಕನ್ನಡಕ ಹಾಕಿದ ಒಬ್ಬರು. ಮೊದಲು ಕೋರ್ಸ್‌ವರ್ಕು. ಅದನ್ನು ದಾಟಿದರೆ ಅರ್ಹತಾ ಪರೀಕ್ಷೆ. ಆಮೇಲೆ ‘ನಾನು ಇಂಥಿಂಥದ್ದನ್ನು ಕಂಡುಹಿಡಿಯುತ್ತೇನೆ’ ಎಂದು ಕಂಡುಹಿಡಿಯುವ ಮೊದಲೇ ಬರೆದುಕೊಡಬೇಕು. ಅದನ್ನೊಪ್ಪಿದರೆ ಬಯಲಲ್ಲಿ ಬಿಸಿಲು ಕಾಯಬೇಕು, ಲೇಖನ ಅಚ್ಚು ಮಾಡಿಸಬೇಕು, ತಲೆದಿಂಬಿನಷ್ಟು ದಪ್ಪದ ಥೀಸಿಸ್ ಬರೆಯಬೇಕು. ಕೊನೆಗೆ ತುಂಬಿದ ಸಭೆಯಲ್ಲಿ ಅದನ್ನು ಸಮರ್ಥಿಸಿಕೊಳ್ಳಬೇಕು. ಹೆಂಡತಿ ಒಂದೊಂದೇ ಬಾಗಿಲು ದಾಟಿದಾಗಲೂ ಸಾಹೇಬರು ಕ್ಷೌರದಂಗಡಿಗೆ ಹೋಗಿ, ತಾವೇ ದಾಟಿದವರಂತೆ ಅಭಿನಂದನೆ ಸ್ವೀಕರಿಸಿ ಬರುತ್ತಿದ್ದರು.

ಆಕೆಯ ವಿಷಯ ಒಣನೆಲದ ಮೇಲಿನ ಕಪ್ಪು ಪದರ. ನೋಡುವುದಕ್ಕೆ ತಳ ಹಿಡಿದ ಹಾಲಿನ ಪಾತ್ರೆಯ ಹಾಗಿರುತ್ತದೆ. ಆದರೆ ಅದಕ್ಕೆ ಜೀವವಿದೆ, ಮಣ್ಣು ಹಾರದಂತೆ ಹಿಡಿದಿಡುವುದೇ ಅದು, ತುಳಿದರೆ ಸಾಯುತ್ತದೆ ಎಂಬುದು ಆಕೆಯ ವಾದ. ಅದನ್ನು ಸಾಧಿಸಬೇಕಾದರೆ ಮನೆಯ ಪಕ್ಕದ ಬಯಲಲ್ಲಿ ಒಂದು ಪಟ್ಟೆಯನ್ನು ಯಾರೂ ತುಳಿಯಬಾರದು, ಪಕ್ಕದ ಪಟ್ಟೆಯನ್ನು ಯಾರಾದರೂ ತಪ್ಪದೆ ತುಳಿಯಬೇಕು. ಮೊದಲು ಮೇಕೆಗಳನ್ನು ತಂದರು. ಅವು ಪಟ್ಟೆ ತುಳಿಯುವುದು ಬಿಟ್ಟು ಸುತ್ತ ಕಟ್ಟಿದ್ದ ಹಗ್ಗ ತಿಂದವು. ಮೇಲ್ವಿಚಾರಣೆಗೆ ಬಂದಿದ್ದ ಗೈಡ್ ಮೇಡಂ ಅವರ ಸೆರಗಿನ ರುಚಿಯನ್ನೂ ನೋಡಿದವು. ಆಗ ಆಕೆಯ ಕಣ್ಣು ಆರಾಮಕುರ್ಚಿಯ ಮೇಲೆ ಬಿತ್ತು.

“ರೀ, ಬೆಳಿಗ್ಗೆ ವಾಕಿಂಗ್ ಹೋಗ್ತೀರಲ್ಲ, ಆ ಎಡಗಡೆ ಪಟ್ಟೆ ಮೇಲೇ ಓಡಾಡಿ. ಬಲಗಡೆದು ಮುಟ್ಟಬೇಡಿ.”

“ತಪಾಸಣೆಗೆ ನಾನು ಬೇಕು ಅನ್ನು.”

“ಏನಾದ್ರೂ ಅಂದ್ಕೊಳ್ಳಿ. ಕಾಲು ಮಾತ್ರ ಬಲವಾಗಿ ಊರಿ.”

ಸಾಹೇಬರು ಎರಡು ಬೇಸಿಗೆ ಊರಿದರು. ಕೈ ಹಿಂದೆ ಕಟ್ಟಿ, ಎದೆ ಮುಂದೆ ಮಾಡಿ ಅವರು ನಡೆಯುತ್ತಿದ್ದ ಗತ್ತಿಗೆ ಭೂಮಿ ಒಂದು ಕಡೆ ವಾಲಲಿಲ್ಲವೆಂಬುದೇ ಪವಾಡ.

ಕೊನೆಯ ಬಾಗಿಲು ಬಂತು. ಸಮರ್ಥನೆಯ ಸಭೆಯಲ್ಲಿ ಯಾರು ಬೇಕಾದರೂ ಕುಳಿತು ಆಕ್ಷೇಪ ಎತ್ತಬಹುದು. ಎತ್ತಿದ ಪ್ರತಿ ಆಕ್ಷೇಪಕ್ಕೂ ಅಭ್ಯರ್ಥಿ ಉತ್ತರ ಕೊಟ್ಟು ಒಪ್ಪಿಸಲೇಬೇಕು. ಒಂದಕ್ಕೆ ತಡವರಿಸಿದರೂ ಥೀಸಿಸ್ ವಾಪಸ್ಸು, ಮತ್ತೆ ಬಯಲು, ಮತ್ತೆ ಬಿಸಿಲು. ಅದರ ಮೇಲೆ ಹೊರಗಿನಿಂದ ಬರುವ ಪರೀಕ್ಷಕರ ಖ್ಯಾತಿ ಬೇರೆ. ಅವರು ವಾಪಸ್ ಕಳಿಸಿದ ಥೀಸಿಸ್‌ಗಳನ್ನು ಒಂದರ ಮೇಲೊಂದು ಪೇರಿಸಿದರೆ ತುದಿ ಮೋಡಕ್ಕೆ ತಾಗಿ ಮಳೆ ಸುರಿಯುತ್ತಿತ್ತು. ಜಗತ್ತಿನಲ್ಲಿ ಒಣಭೂಮಿಯೇ ಉಳಿಯುತ್ತಿರಲಿಲ್ಲ.

“ಹೆದರಬೇಡ ಕಣೇ. ಪ್ರಶ್ನೆ ಏನೇ ಇರ್ಲಿ, ಉತ್ತರ ನೀರು,” ಎಂದು ಸಾಹೇಬರು ಧೈರ್ಯ ತುಂಬಿದರು.

“ನೀರು ಇಲ್ದೇ ಇರೋದಕ್ಕೇ ಅಲ್ವೇನ್ರೀ ಅದು ಒಣಭೂಮಿ?”

“ಪೈಪ್ ಹಾಕ್ಸು!”

“ಪೈಪ್ ಹಾಕ್ಸಿದ್ರೆ ನನ್ನ ಸಬ್ಜೆಕ್ಟೇ ಮುಳುಗಿಹೋಗುತ್ತೆ. ನೀವು ಬರ್ಲೇಬೇಕಾ?”

“ಯಾರು ಬೇಕಾದ್ರೂ ಬರಬಹುದು ಅಂತ ನಿಯಮವೇ ಇದೆಯಲ್ಲ.”

“ಬನ್ನಿ. ಬಾಯಿ ಮನೇಲಿಟ್ಟು ಬನ್ನಿ.”

ಸಾಹೇಬರು ಕನ್ನಡಕ ಮರೆತು ಬಂದರು, ಬಾಯಿ ಮರೆಯಲಿಲ್ಲ. ಹೆಂಡತಿಯ ತಮ್ಮ, ವೃತ್ತಿಯಲ್ಲಿ ದರ್ಜಿ, ಅಕ್ಕನ ಅಪ್ಪಣೆಯಂತೆ ಭಾವನ ಪಕ್ಕದಲ್ಲೇ ಕಾವಲು ಕುಳಿತಿದ್ದ. ಆಕೆ ನೀರು ಕುಡಿದಷ್ಟು ಸಲೀಸಾಗಿ ಮಾತಾಡಿದರು. ಗೈಡ್ ಮೇಡಂ ತಲೆದೂಗಿದರು. ಆಗ ಪರೀಕ್ಷಕರು ಕೆಮ್ಮಿ ಕೇಳಿದರು: “ಸರಿ, ನಮಗೆ ಹೇಳಿದ್ರಿ. ಪುಸ್ತಕ ಓದದೇ ಇರೋ ಸಾಮಾನ್ಯ ಮನುಷ್ಯ ಒಬ್ಬ, ಈ ಪದರ ಹೋದ್ರೆ ನನಗೇನು ನಷ್ಟ ಅಂದ್ರೆ, ಅವನಿಗೆ ಹೇಗೆ ಒಪ್ಪಿಸ್ತೀರಿ?”

ಆಕೆ ಯೋಚಿಸಲು ಒಂದು ಕ್ಷಣ ನಿಂತರು. ಸಾಹೇಬರಿಗೆ ಮೌನವೆಂದರೆ ಒಡೆದ ಪೈಪು. ಕಂಡ ಕೂಡಲೇ ಕೈ ಅಡ್ಡ ಹಿಡಿಯಬೇಕು. ಎದ್ದೇ ನಿಂತರು.

“ಭಾವ, ಕೂತ್ಕೊಳ್ಳಿ!” ಎಂದು ದರ್ಜಿ ಅಂಗಿ ಹಿಡಿದೆಳೆದ. ತಾನೇ ಹೊಲಿದ ಅಂಗಿ. ತೋಳು ಅವನ ಕೈಗೆ ಬಂತು, ಭಾವ ಬರಲಿಲ್ಲ.

“ಒಪ್ಪಿಸೋದೇನು ಸ್ವಾಮೀ! ಆ ಕಪ್ಪು ಕೊಳೆ ಕೆರೆದು ಬಿಸಾಕಿ, ಉತ್ತು, ನೀರು ಬಿಟ್ರೆ ಮುಗೀತು. ಎರಡು ಬೇಸಿಗೆ ಅದರ ಮೇಲೆ ಓಡಾಡಿದೀನಿ ನಾನು. ಏನೂ ಆಗಿಲ್ಲ!”

ಹೆಂಡತಿಗೆ ಆಸರೆಯಾಗಲೆಂದು ಎದ್ದ ಮಹಾನುಭಾವರು ಒಂದೇ ಉಸಿರಿಗೆ ಇಡೀ ಥೀಸಿಸ್ಸನ್ನೇ ಸುಳ್ಳು ಎಂದಿದ್ದರು. ಗೈಡ್ ಮೇಡಂ ಕಣ್ಣು ಮುಚ್ಚಿಕೊಂಡರು. ಪರೀಕ್ಷಕರ ಮುಖದಲ್ಲಿ ಮಾತ್ರ ಬಹುದಿನಗಳ ಹಸಿವು ಹಿಂಗಿದ ಕಳೆ.

“ಸಭೆಯಿಂದ ಆಕ್ಷೇಪ ಬಂದಿದೆ. ಅಭ್ಯರ್ಥಿ ಉತ್ತರಿಸಬೇಕು. ಉತ್ತರ ಮುಗಿಯೋವರೆಗೂ ಯಾರೂ ನಡುವೆ ಬಾಯಿ ಹಾಕೋ ಹಾಗಿಲ್ಲ,” ಎಂದರು.

ಆಕೆಯ ಮುಖ ಒಮ್ಮೆ ಬಿಳಿಚಿತು. ಆ ಕೊನೆಯ ಮಾತು ಕಿವಿಗೆ ಇಳಿಯುತ್ತಿದ್ದಂತೆ ಅರಳಿತು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನ ಮುಂದೆ ಒಂದು ವಾಕ್ಯವನ್ನೂ ಪೂರ್ತಿ ಮುಗಿಸಿರದಿದ್ದ ಆಕೆಗೆ ಮೈಕು ಸಿಕ್ಕಿತ್ತು, ಜೊತೆಗೆ ನಿಯಮದ ಬೆಂಬಲವೂ!

“ಆಕ್ಷೇಪ ಎತ್ತಿದ ಮಹನೀಯರಿಗೆ ವಂದನೆ,” ಎಂದು ಪರದೆಯ ಮೇಲೆ ಎರಡು ಪಟ್ಟೆಗಳ ಚಿತ್ರ ಹಾಕಿದರು. “ಏನೂ ಆಗಿಲ್ಲ ಅಂದ್ರು. ಬಲಗಡೆ ನೋಡಿ, ಯಾರೂ ತುಳಿದಿಲ್ಲ. ಪದರ ಹಾಗೇ ಇದೆ, ಬಿರುಕಲ್ಲಿ ಹುಲ್ಲೂ ಹುಟ್ಟಿದೆ. ಎಡಗಡೆ ಇವರು ತುಳಿದಿದ್ದು. ಬರೀ ಪುಡಿ. ಗಾಳಿ ಬಂದಾಗಲೆಲ್ಲ ಮೇಲೆದ್ದು ಹೋಗಿದೆ. ಎಲ್ಲಿಗೆ ಹೋಯ್ತು ಅಂದ್ರೆ, ಪಕ್ಕದಲ್ಲೇ ಇರೋ ನಮ್ಮನೆ ಒಳಗೆ. ಇವರ ಕುರ್ಚಿ, ಇವರ ಪೇಪರು, ಇವರ ಕಾಫಿ ಲೋಟ. ‘ಈ ಮನೇಲಿ ಧೂಳು ಒರೆಸೋರು ಯಾರೂ ಇಲ್ವಾ’ ಅಂತ ದಿನಾ ಕೂಗಾಡೋರೂ ಇವರೇ. ಒರೆಸ್ತಾ ಇದ್ದಿದ್ದು ನಾನು, ಸರ್. ಪದರ ಹೋದ್ರೆ ಏನು ನಷ್ಟ ಅಂತ ಕೇಳೋ ಸಾಮಾನ್ಯ ಮನುಷ್ಯನಿಗೆ ನಾನು ಬಾಯಲ್ಲಿ ಏನೂ ಹೇಳಲ್ಲ. ಇನ್ಮೇಲೆ ಒರೆಸೋ ಬಟ್ಟೆ ಅವರ ಕೈಗೇ ಕೊಡ್ತೀನಿ.”

ಸಾಹೇಬರು ಬಾಯಿ ತೆರೆದರು. ಪರೀಕ್ಷಕರು ಬೆರಳೆತ್ತಿದರು. ಬಾಯಿ ಮುಚ್ಚಿತು. ಹಿಂದಿನ ಸಾಲಿನ ಹೆಂಗಸರು ಈ ಬೆರಳೆತ್ತುವ ವಿಧಾನವನ್ನು ಬಹಳ ಶ್ರದ್ಧೆಯಿಂದ ಗಮನಿಸಿದರು.

“ಆಕ್ಷೇಪಿಸಿದವರಿಗೆ ಉತ್ತರ ಒಪ್ಪಿಗೆಯೇ?”

ಇಡೀ ಸಭೆ ಒಂಟಿ ತೋಳಿನ ಅಂಗಿಯ ಕಡೆ ತಿರುಗಿತು. ಒಪ್ಪಿಗೆ ಇಲ್ಲವೆಂದರೆ ಆಕೆ ಮತ್ತೆ ಬಯಲಿಗೆ. ಅಷ್ಟು ಬುದ್ಧಿ ಸಾಹೇಬರಿಗೂ ಇತ್ತು. “ಒಪ್ಪಿಗೆ,” ಎಂದರು. ಮದುವೆಯಾದ ಮೇಲೆ ಆ ಪದವನ್ನು ಅವರು ಉಚ್ಚರಿಸಿದ್ದು ಅದೇ ಮೊದಲು. ಚಪ್ಪಾಳೆಯಾಯಿತು, ಡಾಕ್ಟರೇಟೂ ಆಯಿತು. ಪರೀಕ್ಷಕರು ಒಂದೇ ಒಂದು ತಿದ್ದುಪಡಿ ಹೇಳಿದರು: ಥೀಸಿಸ್ಸಿನಲ್ಲಿ ‘ಭಾರವಾದ ಒಂದು ಪ್ರಾಣಿಯಿಂದ ತುಳಿಸಲಾಯಿತು’ ಎಂದಷ್ಟೇ ಇದೆ; ಆ ಪ್ರಾಣಿಯ ತೂಕ, ನಡಿಗೆ, ಸ್ವಭಾವ ಎಲ್ಲವನ್ನೂ ವಿವರವಾಗಿ ಬರೆಯಬೇಕು.

ಸಂಜೆ ಸಾಹೇಬರು ತೂಕದ ಯಂತ್ರದ ಮೇಲೆ ನಿಂತಿದ್ದರು. ಡಾಕ್ಟರಮ್ಮ ಬಗ್ಗಿ ಮುಳ್ಳು ನೋಡುತ್ತಿದ್ದರು.

“ಪ್ರಾಣಿ ಅಂತ ಬರ್ದಿದೀಯಲ್ಲೇ!”

“ಮೊದಲು ಮೇಕೆ ಅಂತಿತ್ತು. ತಿದ್ದಿದೀನಿ. ಹೊಟ್ಟೆ ಒಳಗೆ ಎಳ್ಕೋಬೇಡಿ, ವಿಜ್ಞಾನ ಇದು.”

ಸಾಹೇಬರಿಗೆ ಅಷ್ಟರಲ್ಲಾಗಲೇ ಹಳೆಯ ಗತ್ತು ಮರಳಿತ್ತು. “ಸ್ವಭಾವ ಎಲ್ಲ ಯಾಕೆ ಬೇಕಂತೆ ಅವರಿಗೆ?”

“ಬೇರೆ ಊರಲ್ಲಿ ಯಾರಾದ್ರೂ ಇದೇ ಪ್ರಯೋಗ ಮಾಡ್ಬೇಕು ಅಂದ್ರೆ, ಇಂಥದ್ದೇ ಪ್ರಾಣಿ ಹುಡುಕ್ಕೋಬೇಕಲ್ಲ.”

“ಹುಡುಕಲಿ ನೋಡೋಣ! ನನ್ನಂಥೋನು ಇನ್ನೊಬ್ಬ ಎಲ್ಲಿ ಸಿಗ್ತಾನೆ?”

“ಅದೇನ್ ಕಷ್ಟ? ಹೆಂಡತಿ ಓದೋಕೆ ಕೂತಿರೋ ಯಾವ ಮನೆಗಾದ್ರೂ ಹೋಗಿ, ‘ನಿಮ್ಮ ಸಹಾಯ ಬೇಡ ರೀ’ ಅಂತ ಒಂದ್ಸಲ ಹೇಳಿದ್ರೆ ಸಾಕು,” ಎಂದರು ಡಾಕ್ಟರಮ್ಮ. “ತಾನೇ ಎದ್ದು ಬಂದು ತುಳಿಯುತ್ತೆ.”