ಆರೋಗ್ಯವಂತ ರೋಗಿ ಬೇಕು

ವಾರದ ಮೊದಲೇ ಬಂದ ನೋಟೀಸಿನ ಕೊನೆಯಲ್ಲಿದ್ದ ಒಂದೇ ಒಂದು ಸಾಲು ಪೂವಪ್ಪನ ಶುಕ್ರವಾರವನ್ನು ಹಾಳುಮಾಡಿತು. "ಪ್ರಾಕ್ಟಿಕಲ್ ಪರೀಕ್ಷೆಗೆ ಬರುವವರು ರೋಗಿಯ ಪಾತ್ರಕ್ಕಾಗಿ ತಮ್ಮೊಂದಿಗೆ ಒಬ್ಬ ಆರೋಗ್ಯವಂತ ವಯಸ್ಕರನ್ನು ಕರೆತರತಕ್ಕದ್ದು."

ನರ್ಸಿಂಗ್ ಲೈಸೆನ್ಸಿನ ಆ ಪರೀಕ್ಷೆ ಇದ್ದದ್ದು ಅವನ ಹೆಂಡತಿ ಉಮಾವತಿಗೆ. ಗಲ್ಫಿನ ಬರ್ಕಾ ಊರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಅವಳು ಆರು ವರ್ಷದಿಂದ ನರ್ಸು. ತೊಂಬತ್ತಮೂರರಲ್ಲಿ ಕ್ಲಿನಿಕ್ಕಿನ ಯಜಮಾನ, ಲೈಸೆನ್ಸ್ ಇಲ್ಲದವರ ವೀಸಾ ಮುಂದುವರಿಸುವುದಿಲ್ಲ ಎಂದುಬಿಟ್ಟ. ಫೇಲಾದರೆ ಅವಳು ಮೂಲ್ಕಿಗೆ, ಪೂವಪ್ಪ ಮತ್ತೆ ಎಂಟು ಮಂದಿ ಬ್ಯಾಚುಲರುಗಳ ರೂಮಿಗೆ. ತನ್ನ ಲುಂಗಿ ಯಾವುದು, ಇನ್ನೊಬ್ಬನದು ಯಾವುದು ಎಂದು ತಿಳಿಯದ ಆ ರೂಮಿನಲ್ಲಿ ಅವನು ನಾಲ್ಕು ವರ್ಷ ಕಳೆದಿದ್ದ.

ಆದರೂ ಪೂವಪ್ಪನಿಗೆ ಹೆದರಿಕೆಗಿಂತ ಜಂಬ ಹೆಚ್ಚು. ಆ ಸಾಲನ್ನು ಎರಡು ಸಲ ಓದಿ, ಹೊಟ್ಟೆಯನ್ನು ಸಾಧ್ಯವಾದಷ್ಟು ಒಳಗೆಳೆದುಕೊಂಡು, "ಬೇರೆ ಯಾರನ್ನು ಹುಡುಕುವುದೆಂತ? ನಾನಿಲ್ಲವಾ?" ಎಂದ. ಮರುದಿನ ತಾನು ಸ್ಟೋರ್‌ಕೀಪರಾಗಿದ್ದ ಸಿಮೆಂಟು-ಕಬ್ಬಿಣದ ಗೋಡೌನಿನಲ್ಲಿ, ತನ್ನ ದೇಹವನ್ನು ನೋಡಲು ಬೌಷರ್‌ನ ಪರೀಕ್ಷಾ ಕೇಂದ್ರದಿಂದ ಕರೆ ಬಂದಿದೆ ಎಂದು ಸುದ್ದಿ ಹಬ್ಬಿಸಿದ.

ಪರೀಕ್ಷೆ ಶನಿವಾರ. ಶುಕ್ರವಾರ ಬೆಳಿಗ್ಗೆ ಉಮಾವತಿ ಗಂಡನನ್ನು ಮಂಚದ ಮೇಲೆ ಮಲಗಿಸಿ, ರೋಗಿ ಮಲಗಿದ್ದಂತೆಯೇ ಹಾಸಿಗೆ ಬದಲಿಸುವುದನ್ನು ಅಭ್ಯಾಸ ಮಾಡುತ್ತಿದ್ದಳು. ಆಗ ಮೇಲಿನ ಮನೆಯ ರಾಜಗೋಪಾಲರು ಹಳೆಯ ಪೇಪರ್ ಕೇಳಲು ಬಂದರು. ಮೈಸೂರಿನವರು, ಯಾವುದೋ ಆಫೀಸಿನಲ್ಲಿ ಅಕೌಂಟೆಂಟ್. ಸಿ.ಎ. ಪರೀಕ್ಷೆಯನ್ನು ಐದು ಸಲ ಬರೆದು ಐದು ಸಲವೂ ಫೇಲಾದವರು. ಆದ್ದರಿಂದ ಪರೀಕ್ಷೆಗಳ ವಿಷಯದಲ್ಲಿ ಅವರ ಮಾತೇ ಕೊನೆ.

"ಇದೇನ್ರೀ ಉಮಾವತಿಯವ್ರೇ, ಪಕ್ಕದಲ್ಲಿ ಪ್ರಶ್ನೆ ಕೇಳೋರೇ ಇಲ್ದೆ ಪ್ರಾಕ್ಟೀಸಾ? ನಾನು ಎಕ್ಸಾಮಿನರ್ ಆಗ್ತೀನಿ. ಮಾಡಿ," ಎಂದು ಕುರ್ಚಿ ಎಳೆದುಕೊಂಡು ಕುಳಿತರು. ಹತ್ತು ನಿಮಿಷದಲ್ಲಿ ಅವರ ಹೆಂಡತಿ ಲಲಿತಮ್ಮನೂ ಉಪ್ಪಿಟ್ಟಿನ ತಟ್ಟೆಯೊಂದಿಗೆ ಕೆಳಗಿಳಿದು ಬಂದರು. ಉಪ್ಪಿಟ್ಟು ಯಾರಿಗೂ ಕೊಡಲಿಕ್ಕಲ್ಲ, ನೋಡುತ್ತಾ ತಿನ್ನಲಿಕ್ಕೆ.

"ರೋಗೀನ ಗೋಡೆ ಕಡೆ ಹೊರಳಿಸ್ಬೇಕು," ಎಂದರು ರಾಜಗೋಪಾಲರು.

"ನಮ್ಮ ಕಡೆಗೆ ಹೊರಳಿಸುವುದು ಸಾರ್, ಬೀಳದ ಹಾಗೆ," ಎಂದಳು ಉಮಾವತಿ.

"ಎಕ್ಸಾಮಿನರ್ ಹತ್ರ ವಾದ ಮಾಡಿದ್ರೆ ಮಾರ್ಕ್ಸ್ ಹೋಯ್ತು, ಗೊತ್ತಿರ್ಲಿ."

ಉಮಾವತಿ ಗೋಡೆಯ ಕಡೆಗೆ ಹೊರಳಿಸಿದಳು. ಪೂವಪ್ಪ ಮಂಚಕ್ಕೂ ಗೋಡೆಗೂ ನಡುವೆ ಗೋಣಿಚೀಲ ಜಾರಿದ ಹಾಗೆ ಇಳಿದುಹೋದ. ಮೂವರೂ ಸೇರಿ ಅವನನ್ನು ಮೇಲಕ್ಕೆಳೆದರು. ಲಲಿತಮ್ಮ ಒಂದು ಕೈಯಿಂದ ಮಾತ್ರ ಎಳೆದರು. ಇನ್ನೊಂದರಲ್ಲಿ ತಟ್ಟೆ ಇತ್ತು.

ಆಮೇಲೆ ಮೈ ಒರೆಸುವ ಅಭ್ಯಾಸ. ಬಿಸಿನೀರು ಆರುವ ತನಕ ರಾಜಗೋಪಾಲರು ಪ್ರಶ್ನೆ ಕೇಳಿದರು. ತಣ್ಣೀರಿನಲ್ಲಿ ಉಮಾವತಿ ಒರೆಸಿದಳು. ಅಂಗಿಯಿಲ್ಲದೆ ಪರರ ಹೆಂಡತಿಯ ಮುಂದೆ ನಡುಗುತ್ತಾ ಮಲಗಿದ ಪೂವಪ್ಪ, "ಸಾಕು ಮಾರಾಯ್ತಿ, ನಾನು ಗುಣ ಆದೆ," ಎಂದ.

"ರೋಗಿ ಮಾತಾಡಂಗಿಲ್ಲ," ಎಂದರು ರಾಜಗೋಪಾಲರು. "ಉಮಾವತಿಯವ್ರೇ, ಈಗ ಬ್ಯಾಂಡೇಜು. ರೋಗಿ ಮೂರನೇ ಮಹಡಿಯಿಂದ ಬಿದ್ದಿದ್ದಾನೆ ಅನ್ಕೊಳ್ಳಿ."

"ಅಷ್ಟೆಲ್ಲ ಕೇಳುವುದಿಲ್ಲ ಸಾರ್. ಒಂದು ಕೈಗೋ ಕಾಲಿಗೋ ಕಟ್ಟಲಿಕ್ಕೆ ಹೇಳುತ್ತಾರೆ."

"ಕೇಳಿದ್ರೆ?"

ಉಮಾವತಿ ಬ್ಯಾಂಡೇಜಿನ ಸುರುಳಿಗಳನ್ನೆಲ್ಲ ಹೊರತೆಗೆದಳು. ಅರ್ಧ ಗಂಟೆಯಲ್ಲಿ ಪೂವಪ್ಪನ ತಲೆಗೆ ಒಂದು, ದವಡೆ ಸೇರಿಸಿ ಒಂದು, ಬಲಗೈಗೆ ಮರದ ಪಟ್ಟಿಯಿಟ್ಟು ಒಂದು ಬ್ಯಾಂಡೇಜು ಬಿತ್ತು. ಎಡಗಾಲನ್ನು ಎಣ್ಣೆ ಡಬ್ಬದ ಮೇಲೆ ಎತ್ತಿಟ್ಟು, ಜಾರದಂತೆ ಮಂಚದ ಸರಳಿಗೆ ಬಿಗಿಯಾಗಿ ಕಟ್ಟಲಾಯಿತು. ಕಣ್ಣು, ಮೂಗು ಮತ್ತು ಹೊಟ್ಟೆಯನ್ನು ನೋಡಿ ಅದು ಪೂವಪ್ಪನೆಂದು ಗುರುತಿಸಬಹುದಿತ್ತು. ಬಟ್ಟೆ ಮುಗಿದಿದ್ದರಿಂದ, ಹಳೆಯ ಸೀರೆ ತರಲು ಉಮಾವತಿ ಲಲಿತಮ್ಮನ ಜೊತೆ ಮೇಲಿನ ಮನೆಗೆ ಹೋದಳು.

ಅದೇ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಬಂದವನು ಪೂವಪ್ಪನಿಗೆ ವೀಸಾ ಕೊಟ್ಟ ಕಫೀಲ್, ಗೋಡೌನಿನ ಯಜಮಾನ ಅಹ್ಮದ್. ಜುಮ್ಮಾ ನಮಾಜಿಗೆ ಹೊರಟವನು, ದಾರಿಯಲ್ಲಿ ಗೋಡೌನಿನ ಕೀ ಕೇಳಲು ಬಂದಿದ್ದ. ಮಂಚದ ಮೇಲಿದ್ದುದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ.

ಅಹ್ಮದನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಆದರೆ ಅರಬರೊಡನೆ ಅರಬ್ಬಿಯಲ್ಲೇ ಮಾತಾಡಬೇಕೆಂಬುದು ರಾಜಗೋಪಾಲರ ಪ್ರತಿಷ್ಠೆ. ಅವರಿಗೆ ಗೊತ್ತಿದ್ದದ್ದು ಸುಮಾರು ಒಂಬತ್ತು ಶಬ್ದ. ಇವನು ನಾಳೆಯ ಪರೀಕ್ಷೆಗೆ ರೋಗಿ, ನಾಳೆಗೆ ಎಲ್ಲಾ ಮುಗಿಯುತ್ತದೆ ಎಂದು ಹೇಳಬೇಕಿತ್ತು. ಪರೀಕ್ಷೆ ಎಂಬ ಶಬ್ದ ಆ ಒಂಬತ್ತರಲ್ಲಿ ಇರಲಿಲ್ಲ. ಆದ್ದರಿಂದ ಅದನ್ನು ಬಿಟ್ಟು, ಗಂಭೀರವಾಗಿ, "ಮರೀದ್. ಬುಕ್ರಾ ಖಲಾಸ್," ಎಂದರು.

ರೋಗಿ ನಾಳೆಗೆ ಮುಗಿಯುತ್ತಾನೆ ಎಂದು ಕೇಳಿಸಿಕೊಂಡ ಅಹ್ಮದ್‌ನ ಮುಖ ಬಿಳಿಚಿತು. ಮಂಚದ ಬಳಿ ಕುಳಿತು ಪೂವಪ್ಪನ ಎಡಗೈ ಹಿಡಿದುಕೊಂಡ. ದವಡೆ ಕಟ್ಟಿಸಿಕೊಂಡಿದ್ದ ಪೂವಪ್ಪ ಜೀವವಿದ್ದಷ್ಟೂ ಬಲ ಹಾಕಿ "ಉಂ, ಉಂಉಂ" ಎಂದ. ಅಹ್ಮದ್‌ನ ಕಣ್ಣು ಒದ್ದೆಯಾಯಿತು.

"ಚಿಂತೆ ಮಾಡಬೇಡ," ಎಂದ ಹಿಂದಿಯಲ್ಲಿ. "ನಿನ್ನ ಕೆಲಸ ಮುಹಮ್ಮದ್ ನೋಡಿಕೊಳ್ಳುತ್ತಾನೆ. ನೀನು ದೇವರನ್ನು ನೆನೆ." ಮೊಳೆಯಲ್ಲಿದ್ದ ಕೀಗೊಂಚಲು ತೆಗೆದುಕೊಂಡು ಕಣ್ಣೊರೆಸುತ್ತಾ ಹೊರಟ.

ಆ ಮುಹಮ್ಮದ್ ಮೂರು ವರ್ಷದಿಂದ ಪೂವಪ್ಪನ ಕುರ್ಚಿಯ ಮೇಲೆ ಕಣ್ಣಿಟ್ಟವನು. ಪೂವಪ್ಪನಿಗೆ ಉಳಿದದ್ದೆಲ್ಲ ಮರೆತುಹೋಯಿತು. ಎದ್ದು ಬಾಗಿಲಿಗೆ ಹಾರಿದ. ದೇಹ ಹಾರಿತು, ಮಂಚಕ್ಕೆ ಕಟ್ಟಿದ ಕಾಲು ಹಾರಲಿಲ್ಲ. ನೆಲಕ್ಕೆ ಬಿದ್ದವನ ಮೇಲೆ ಎಣ್ಣೆ ಡಬ್ಬವೂ ಉರುಳಿತು.

ಉಮಾವತಿ ಓಡಿಬಂದು ಕಟ್ಟು ಬಿಚ್ಚುವಷ್ಟರಲ್ಲಿ ಎಡಗಾಲಿನ ಪಾದದ ಗಂಟು ಸಣ್ಣ ತೆಂಗಿನಕಾಯಿಯಷ್ಟಾಗಿತ್ತು. ಅವಳು ಒತ್ತಿ ನೋಡಿದಳು. "ಮೂಳೆಗೆ ಎಂತ ಆಗಲಿಲ್ಲ. ಉಳುಕಿದ್ದು," ಎಂದಳು. ಆಮೇಲೆ ನೆಲದ ಮೇಲೇ ಕುಳಿತು, "ಇನ್ನು ಆರೋಗ್ಯವಂತ ಮನುಷ್ಯನನ್ನು ಎಲ್ಲಿಂದ ತರಲಿ ನಾನು?" ಎಂದು ಅಳಲು ಶುರುಮಾಡಿದಳು.

"ಇವರನ್ನೇ ಕಳಿಸೋಣ ಅಂದ್ರೆ," ಎಂದು ಲಲಿತಮ್ಮ ಗಂಡನ ಕಡೆ ನೋಡಿದರು.

ರಾಜಗೋಪಾಲರಿಗೆ ಶನಿವಾರ ಆಡಿಟ್ ಇರುವುದು ಆ ಕ್ಷಣದಲ್ಲೇ ನೆನಪಾಯಿತು. ಪೇಪರ್ ತೆಗೆದುಕೊಂಡು ಮೇಲೆ ಹೋದರು.

ಬೇರೆ ದಾರಿ ಇರಲಿಲ್ಲ. ಶನಿವಾರ ಬೆಳಿಗ್ಗೆ ಊದಿದ ಗಂಟಿಗೆ ಬ್ಯಾಂಡೇಜು ಸುತ್ತಿಸಿಕೊಂಡು, ಟ್ಯಾಕ್ಸಿಯಲ್ಲಿ ಕಾಲು ನೀಡಿಕೊಂಡು ಪೂವಪ್ಪ ಬೌಷರ್‌ಗೆ ಹೋದ. ದಾರಿಯುದ್ದಕ್ಕೂ ಉಮಾವತಿ ಹೇಳುತ್ತಿದ್ದಳು: "ನೆಟ್ಟಗೆ ನಡೆಯಿರಿ. ನೋವು ಅಂತ ಮುಖದಲ್ಲಿ ತೋರಿಸಬೇಡಿ."

ಪರೀಕ್ಷಾ ಹಾಲ್‌ನಲ್ಲಿ ಅವನು ನಾಲ್ಕು ಹೆಜ್ಜೆ ನೆಟ್ಟಗೆ ನಡೆದ. ಐದನೆಯದಕ್ಕೆ ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡಳು. ಎತ್ತರದ, ನಗದ ಸುಡಾನಿ ಹೆಂಗಸು. ಅವನನ್ನು ಮಂಚದ ಮೇಲೆ ಮಲಗಿಸಿ, ಪ್ಯಾಂಟು ಮಡಚಿಸಿ ಬ್ಯಾಂಡೇಜನ್ನು ಸುತ್ತು ಸುತ್ತಾಗಿ ಬಿಚ್ಚಿ ನೋಡಿದಳು.

"ಇದನ್ನು ಕಟ್ಟಿದ್ದು ಯಾರು?" ಎಂದಳು ಇಂಗ್ಲಿಷಿನಲ್ಲಿ.

"ನಾನೇ ಮೇಡಂ," ಎಂದಳು ಉಮಾವತಿ, ಮೂಲ್ಕಿಯ ಬಸ್‌ಸ್ಟ್ಯಾಂಡ್ ಕಣ್ಣೆದುರು ಬಂದಂತಾಗಿ.

"ಇನ್ನೊಮ್ಮೆ ಕಟ್ಟು."

ಉಮಾವತಿ ಕಟ್ಟಿದಳು. ಆರು ವರ್ಷ ಕಟ್ಟಿದ ಕೈ, ಎಲ್ಲೂ ತಡವರಿಸಲಿಲ್ಲ. ಪರೀಕ್ಷಕಿ ಇನ್ನೆರಡು ಪ್ರಶ್ನೆ ಕೇಳಿ, ಕಾಗದದ ಮೇಲೆ ಗುರುತು ಹಾಕಿ, "ಪಾಸ್," ಎಂದಳು.

ಪೂವಪ್ಪ ಹೆಂಡತಿಗಿಂತ ಮೊದಲು ಎದೆಯುಬ್ಬಿಸಿದ. ಮಂಚದಿಂದ ಇಳಿಯಲು ಹೋದಾಗ ಪರೀಕ್ಷಕಿ ಅವನ ಭುಜದ ಮೇಲೆ ಕೈಯಿಟ್ಟು ಮತ್ತೆ ಮಲಗಿಸಿದಳು.

"ಎಲ್ಲರೂ ಗಟ್ಟಿಮುಟ್ಟಾದವರನ್ನೇ ಕರಕೊಂಡು ಬಂದಿದ್ದಾರೆ. ಅವರ ಮೇಲೆ ಕಟ್ಟಿದರೆ ನನಗೆ ಏನು ತಿಳಿಯುತ್ತದೆ? ನಿಜವಾದ ಊತ ಇರುವುದು ಇವರೊಬ್ಬರಿಗೆ. ಇವರು ಇಲ್ಲೇ ಇರಲಿ." ಬಾಗಿಲ ಕಡೆ ತಿರುಗಿ, "ನೆಕ್ಸ್ಟ್," ಎಂದಳು.

ಸಂಜೆಯೊಳಗೆ ಹದಿಮೂರು ನರ್ಸುಗಳು ಪೂವಪ್ಪನ ಕಾಲನ್ನು ಬಿಚ್ಚಿ, ಒತ್ತಿ, ಎತ್ತಿ, ತಿರುಗಿಸಿ, ಮತ್ತೆ ಕಟ್ಟಿದರು. ಒಂಬತ್ತನೆಯವಳು ಗಾಬರಿಯಲ್ಲಿ ಸರಿಯಿದ್ದ ಕಾಲಿಗೆ ಅಚ್ಚುಕಟ್ಟಾಗಿ ಕಟ್ಟಿದಳು. ಹೇಳಲು ಪೂವಪ್ಪ ಬಾಯಿ ತೆರೆದ. ಪರೀಕ್ಷಕಿ ತುಟಿಯ ಮೇಲೆ ಬೆರಳಿಟ್ಟಳು.

ಅಷ್ಟೂ ಹೊತ್ತು ಉಮಾವತಿ ಹೊರಗಿನ ಬೆಂಚಿನಲ್ಲಿ ಕುಳಿತು, ಉಳಿದ ನರ್ಸುಗಳಿಗೆ ಕಾಲನ್ನು ಎಲ್ಲಿ ಒತ್ತಿದರೆ ಚೆನ್ನಾಗಿ ನೋಯುತ್ತದೆ ಎಂದು ಹೇಳಿಕೊಡುತ್ತಿದ್ದಳು. ಕೊನೆಗೆ ಗಂಡನನ್ನು ಕರೆದೊಯ್ಯಲು ಒಳಗೆ ಬಂದಾಗ ಪರೀಕ್ಷಕಿ ಮೊದಲ ಬಾರಿಗೆ ನಕ್ಕಳು.

"ನಾಳೆ ಇನ್ನೂ ಹದಿನೆಂಟು ಮಂದಿ ಇದ್ದಾರೆ," ಎಂದಳು. "ಇವರಿಗೆ ತೊಂದರೆಯಾಗುತ್ತದೆಯೇ?"

ನಾಳೆಯಾದರೂ ಗೋಡೌನಿಗೆ ಹೋಗಿ ಮುಹಮ್ಮದ್‌ನಿಂದ ಕುರ್ಚಿ ಬಿಡಿಸಿಕೊಳ್ಳಬೇಕಿದ್ದ ಪೂವಪ್ಪ ಹೆಂಡತಿಯ ಮುಖವನ್ನು ಅಂಗಲಾಚಿ ನೋಡಿದ. ಲೈಸೆನ್ಸಿನ ಕಾಗದಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ.

"ಇಲ್ಲ ಮೇಡಂ," ಎಂದಳು ಉಮಾವತಿ. "ಎಷ್ಟು ಗಂಟೆಗೆ ಬರಬೇಕು?"