ದುರ್ಗಕ್ಕನ ಗದ್ದೆಗೆ ಅಲ್ಪಾಕಾ ಗೊಬ್ಬರ

ಒಣ ಭತ್ತದ ಹುಲ್ಲಿಗೆ ಮೂಗು ಮುರಿದ ದಿನವೇ ಆ ಎರಡು ಅಲ್ಪಾಕಾಗಳನ್ನು ಮಾರಿಬಿಡಬೇಕಿತ್ತು. ಬುಕ್ಕಸಾಗರದಲ್ಲಿ ಹೋಂಸ್ಟೇ ನಡೆಸುವ ಸಿದ್ದಲಿಂಗೇಶ, ಹಂಪಿಗೆ ಬಂದವರು ಸೆಲ್ಫಿಗೆ ಮುಗಿಬೀಳುತ್ತಾರೆಂದು ಒಂಟೆ ಮುಖದ, ಕುರಿ ಉಣ್ಣೆಯ ಈ ಜೋಡಿಯನ್ನು ತಂದಿದ್ದ. ಒಂದು ಬೆಳಿಗ್ಗೆ ಅವು ಬೇಲಿ ನುಸುಳಿ ಪಕ್ಕದ ದುರ್ಗಕ್ಕನ ಮೆಂತ್ಯದ ಮಡಿಗೆ ಇಳಿದವು. ಮೇಯ್ದದ್ದಾದರೂ ಹೇಗೆ? ಹೋಳಿಗೆಯ ಹೂರಣವಷ್ಟೇ ತಿಂದೇಳುವ ಬೀಗರಂತೆ, ಗಿಡಕ್ಕೊಂದು ತುದಿ!

"ಪೂರ್ತಿ ತಿಂದಿದ್ರ ಹೊಟ್ಟಿ ಹಸದೈತಿ ಅಂತ ಸುಮ್ನಾಗ್ತಿದ್ದೆ. ಮಡಿಯೆಲ್ಲಾ ಎಂಜಲ ಮಾಡ್ಯಾವಲ್ರಿ!" ಎಂದ ದುರ್ಗಕ್ಕ, ಎರಡನ್ನೂ ಭತ್ತ ಕೊಯ್ದ ತನ್ನ ಗದ್ದೆಗೆ ಹೊಡೆದು ಬದುವಿನ ಮೇಲೆ ಕಾವಲು ಕೂತಳು.

ಸಿದ್ದಲಿಂಗೇಶ ಓಡಿ ಬಂದ. "ಬಿಡ್ರಿ ಅಕ್ಕಾ. ಸಂಜಿಗೆ ಗೆಸ್ಟ್ ಬರ್ತಾರ. ಇವನ್ನ ನೋಡಾಕಂತನ ರೂಮೆಲ್ಲಾ ಬುಕ್ ಮಾಡ್ಯಾರ."

ಕರೆಯದಿದ್ದರೂ ಬಂದು ನ್ಯಾಯ ಹೇಳುವ ಓಬಳೇಶ ಅಷ್ಟರಲ್ಲಿ ಹಾಜರಾದ. "ಗೊಬ್ಬರಕ್ಕ ಕುರಿ ನಿಲ್ಸಿದಂಗ ಇವನ್ನ ಗದ್ಯಾಗ ನಿಲ್ಸ್ರಿ. ಮೆಂತ್ಯದ ಬದ್ಲಿ ಗೊಬ್ಬರ, ಸರಿಹೋತು."

"ಗದ್ದಿ ತುಂಬಾ ಹಿಕ್ಕಿ ಬಿದ್ದ ಮ್ಯಾಲ ಒಯ್ರಿ," ಎಂದಳು ದುರ್ಗಕ್ಕ.

ಸಿದ್ದಲಿಂಗೇಶನಿಗೆ ಜೀವ ಬಂತು. ಆದರೆ ಆ ಹಾಳು ಪ್ರಾಣಿಗಳು ಗದ್ದೆಯೆಲ್ಲ ಸುತ್ತಿ, ಕೂಳೆಯ ಚಿಗುರು ಕಚ್ಚಿ, ಹಿಕ್ಕೆ ಹಾಕಲು ಮಾತ್ರ ಮೊದಲು ಹಾಕಿದ್ದನ್ನೇ ಮೂಸಿಕೊಂಡು ಒಂದೇ ಮೂಲೆಗೆ ಬರುತ್ತಿದ್ದವು. ಆಚೆ ತುದಿಗೆ ಅಟ್ಟಿದರೆ ತಡೆದುಕೊಂಡು ಅಲ್ಲಿಗೇ ಓಡಿ ಬಂದವು. ಮತ್ತೆ ಅಟ್ಟಲು ಹೋದವನ ಮುಖಕ್ಕೆ ಅವುಗಳಲ್ಲೊಂದು ಥೂ ಎಂದು ಉಗಿಯಿತು.

"ಶಿಸ್ತು ನೋಡ್ರಿ, ನಮ್ಮ ಮಂದಿಗಿಲ್ಲ," ಎಂದ ಓಬಳೇಶ.

"ಶಿಸ್ತಿಗೆ ಬೆಂಕಿ ಹಾಕ!" ಸಿದ್ದಲಿಂಗೇಶ ಮನೆಯಿಂದ ಬುಟ್ಟಿ ತಂದ. ಮೂಲೆಯ ರಾಶಿಯನ್ನು ತುಂಬಿ ತುಂಬಿ, ತಲೆಯ ಮೇಲೆ ಹೊತ್ತು, ಬಿಸಿಲಿಳಿಯುವ ತನಕ ಗದ್ದೆ ತುಂಬಾ ತಾನೇ ಎರಚಿದ. ಇಸ್ತ್ರಿ ಅಂಗಿ ಹೋಯಿತು, ಮಾನವೂ ಹೋಯಿತು.

ದುರ್ಗಕ್ಕ ಸುತ್ತಾಡಿ ನೋಡಿದಳು. "ಯಾರ್ ಹಾಕಿದ್ರೇನು, ಗದ್ದಿ ತುಂಬಿತು. ಒಯ್ರಿ."

ಅಲ್ಪಾಕಾಗಳನ್ನು ಹೊಡೆದುಕೊಂಡು ಮನೆ ಮುಟ್ಟಿದರೆ ಗೆಸ್ಟುಗಳ ವ್ಯಾನು ಆಗಲೇ ನಿಂತಿತ್ತು. ಸಿದ್ದಲಿಂಗೇಶ ಗಡಿಬಿಡಿಯಲ್ಲಿ ಬುಟ್ಟಿಯನ್ನು ಹೊಸ್ತಿಲ ಬಳಿ ಇಳಿಸಿ ಕೈಮುಗಿದ. ಗೆಸ್ಟುಗಳು ಮೊಬೈಲ್ ಎತ್ತಿದರು.

ಅಲ್ಪಾಕಾಗಳು ಠೀವಿಯಿಂದ ನಡೆದು ಬಂದವು. ಬುಟ್ಟಿಯ ತಳದಲ್ಲಿ ಉಳಿದ ತಮ್ಮದೇ ಹಿಕ್ಕೆಯನ್ನು ಮೂಸಿದವು. ಆಮೇಲೆ ಒಂದರ ಹಿಂದೊಂದು ತಿರುಗಿ ನಿಂತು, ಹೊಸ್ತಿಲ ಮೇಲೆಯೇ ಕೆಲಸ ಮುಗಿಸಿದವು. ಗೆಸ್ಟುಗಳು ಮೂಗು ಮುಚ್ಚಿಕೊಂಡು ವ್ಯಾನಿನ ಕಡೆ ಸರಿದರು.

"ಜಾಗ ಗುರ್ತ ಹಿಡದ್ವು," ಬೇಲಿಯಾಚೆಯಿಂದ ದುರ್ಗಕ್ಕ ಕೂಗಿದಳು. "ಇನ್ನ ದಿನಾ ಅಲ್ಲೇ."

"ಹಂಗಾರ ಭಾಳ ಚಲೋ ಆತು," ಎಂದ ಅವಳ ಪಕ್ಕದಲ್ಲಿ ನಿಂತಿದ್ದ ಓಬಳೇಶ. "ಬುಟ್ಟಿ ತೊಳೀಬ್ಯಾಡ್ರಿ. ನಾಳೆ ತುಂಬ್ಕೊಂಡು ನನ್ನ ಗದ್ದಿಗೆ ಬರ್ರಿ."